ಉರಿದರೆ ಬಣ್ಣ ಬರುತ್ತದಂತೆ

ಶನಿವಾರ ಬೆಳಿಗ್ಗೆ ಪರದೇಶದ ಪಾರ್ಕ್ ರಾಯಲ್‌ನ ಸಾಬೂನು ಶೆಡ್ಡಿನ ತುಂಬ ತೆಂಗಿನೆಣ್ಣೆಯ ಘಮ. ಗುಣವತಿ ದೊಡ್ಡ ಕಡಾಯಿಗೆ ಉಪ್ಪು ಸುರಿದು ಕೈಯಾಡಿಸುತ್ತಿದ್ದಳು. ಎಣ್ಣೆಯೂ ಕಾಸ್ಟಿಕ್ಕೂ ಕುದಿದು ಸಾಬೂನಾದ ಮೇಲೆ ಉಪ್ಪು ಬಿದ್ದರೆ, ಸಾಬೂನು ಒಡೆದ ಹಾಲಿನಂತೆ ಮೇಲೆ ತೇಲುತ್ತದೆ. ಮಿಕ್ಕ, ಚರ್ಮ ಸುಡುವ ಕಾಸ್ಟಿಕ್ ನೀರು ತಳಕ್ಕಿಳಿಯುತ್ತದೆ. ಅದನ್ನು ಬಸಿದು, ಸಾಬೂನನ್ನು ಮತ್ತೆ ಉಪ್ಪುನೀರಿನಲ್ಲಿ ಕುದಿಸಿ ತೊಳೆಯಬೇಕು. ತೊಳೆದದ್ದು ಸಾಕೇ ಎಂದು ತಿಳಿಯಲು ಅವಳು ತಣಿದ ಚೂರೊಂದನ್ನು ನಾಲಿಗೆಯ ತುದಿಗೆ ಮುಟ್ಟಿಸುತ್ತಾಳೆ. ಚುರ್ರೆಂದರೆ ಮತ್ತೆ ತೊಳೆಯುವುದು.

"ಇದನ್ನು ಇನ್ನು ತೊಳೆಯುದು ಬೇಡ," ಎಂದ ಗಂಡ ರಘುರಾಮ.

ದೀಪಾವಳಿಯ ಗಡಿಬಿಡಿಯಲ್ಲಿ ಒಂದು ಕಡಾಯಿ ಸಾಬೂನು ಸರಿಯಾಗಿ ತೊಳೆಯದೆ ಮಾರಾಟಕ್ಕೆ ಹೊರಟುಹೋಗಿತ್ತು. ಗುಣವತಿ ಬೈಗುಳಕ್ಕೆ ಕಾದಿದ್ದಳು, ಬಂದದ್ದು ಹೊಗಳಿಕೆ! ಚರ್ಮ ಸುಲಿದು ಒಳಗಿನ ಕೆಂಪು ಕಂಡದ್ದನ್ನೇ ಕೊಂಡವರು ಬೆಳ್ಳಗಿನ ಬಣ್ಣ ಬಂತೆಂದು ಸಂಭ್ರಮಿಸಿದ್ದರು. ಅದೇ ಬೇಕೆಂದು ಹತ್ತಿರದ ಹೇಸ್‌ನಿಂದ, ಹೌನ್ಸ್ಲೋದಿಂದ ಫೋನು. ಮೊನ್ನೆ ಅವಳಿಲ್ಲದಾಗ ರಘುರಾಮ ಬೇಕೆಂದೇ ತೊಳೆಯದೆ ಅಚ್ಚಿಗೆ ಹೊಯ್ದು, ಪೆಟ್ಟಿಗೆ ತುಂಬಿಟ್ಟಿದ್ದ. ಅದನ್ನು ಕಂಡಾಗಿನಿಂದ ಅವಳ ಮೈ ಉರಿಯುತ್ತಿತ್ತು.

"ಅದು ಬಣ್ಣ ಅಲ್ಲ ಮಾರಾಯ್ರೇ, ಸುಟ್ಟದ್ದು. ನಿಮಗೂ ಗೊತ್ತುಂಟು."

"ಗೊತ್ತುಂಟು. ಅದೇ ಕೇಳಿ ಅಂತ ಜನರಿಗೆ ನಾನು ಹೇಳಿದೆನಾ? ನಾವು ಕೊಡದಿದ್ರೆ ಇದಕ್ಕಿಂತ ಕೆಟ್ಟ ಕ್ರೀಮು ತಂದು ಹಚ್ತಾರೆ. ಈ ಶೆಡ್ಡು ನಡೀಬೇಕಾ ಬೇಡ್ವಾ?"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಸಿರಿಶಾ ಬಂದಳು. ಬೆಂಗಳೂರಿನವಳು, ಹೌನ್ಸ್ಲೋದಲ್ಲಿ ಫ್ಲಾಟು, ಒಳ್ಳೆಯ ಐಟಿ ಕೆಲಸ. ಜೊತೆಗೆ ಎಂಟು ವರ್ಷದ ಮಗಳು ಸೃಷ್ಟಿ.

"ಹೋದ್ಸಲದ್ದೇ ಕೊಡಿ ಗುಣವತಿ. ನನ್ ತಂಗಿ ಮದ್ವೆ ಇದೆ. ಇವ್ಳು ಫೋಟೋದಲ್ಲಿ ಕಪ್ಪಗೆ ಕಾಣ್ಬಾರ್ದು."

ಗುಣವತಿ ಮಗುವಿನ ತೋಳನ್ನು ಮೆಲ್ಲಗೆ ಮೇಲೆತ್ತಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಬಿರಿದು ಕೆಂಪಾಗಿತ್ತು.

"ಉರೀತದಾ ಮಗಾ?"

"ಯೆಸ್ ಆಂಟಿ. ಬಟ್ ಮಮ್ಮಿ ಸೇಸ್, ಇಫ್ ಇಟ್ ಬರ್ನ್ಸ್, ಇಟ್ಸ್ ವರ್ಕಿಂಗ್."

ಉರಿದರೆ ಕೆಲಸ ಮಾಡುತ್ತಿದೆ ಎಂದು ಅರ್ಥವಂತೆ! ಹೆತ್ತ ತಾಯಿ ಹೇಳುವ ಮಾತೇ ಇದು? ಗುಣವತಿಯ ಮುಖ ನೋಡಿ ಸಿರಿಶಾ ದನಿ ತಗ್ಗಿಸಿದಳು. "ನನ್ನನ್ನ ಸ್ಕೂಲಲ್ಲಿ ಕಾಗೆ ಅಂತ ಕರೀತಿದ್ರು. ಇವ್ಳಿಗೆ ಅದು ಬೇಡ, ಅಷ್ಟೆ."

"ಕರೆದವರ ಬಾಯಿ ತೊಳೀಬೇಕಿತ್ತು. ಈ ಮಗುವಿನ ಚರ್ಮ ಎಂತ ಪಾಪ ಮಾಡಿದೆ?" ಗುಣವತಿ ಪೆಟ್ಟಿಗೆಯಿಂದ ಒಂದು ಸಾಬೂನು ತೆಗೆದು ಮುಂದೆ ಹಿಡಿದಳು. "ಕೊಡುವ ಮೊದಲು ನಾನು ನಾಲಿಗೆಗೆ ಮುಟ್ಟಿಸಿ ನೋಡುದು. ಇವತ್ತು ನೀವು ನೋಡಿ."

ಸಿರಿಶಾ ನಕ್ಕು ನಾಲಿಗೆ ಮುಟ್ಟಿಸಿದಳು. ಮರುಕ್ಷಣವೇ ಮುಖ ಕಿವಿಚಿಕೊಂಡು ನಲ್ಲಿಯತ್ತ ಓಡಿದಳು. ಬಗ್ಗಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದಳು, ಉಗುಳಿದಳು. ಸೃಷ್ಟಿ ಹಿಂದೆಯೇ ಓಡಿಹೋಗಿ ಅಮ್ಮನ ಬೆನ್ನು ಸವರಿದಳು. ದಿನಾ ಬಚ್ಚಲಿನಲ್ಲಿ ಅಮ್ಮ ಅವಳ ಬೆನ್ನನ್ನು ಹಾಗೆಯೇ ಸವರುತ್ತಿದ್ದಿರಬೇಕು.

"ಇಟ್ಸ್ ಓಕೆ, ಮಮ್ಮಿ. ಇಟ್ಸ್ ವರ್ಕಿಂಗ್."

ಮಗುವಿನ ದನಿಯಲ್ಲಿ ಕುಹಕವಿರಲಿಲ್ಲ; ಸಮಾಧಾನ ಮಾಡುತ್ತಿತ್ತು. ಸಿರಿಶಾ ನಲ್ಲಿ ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

ರಘುರಾಮ ಆ ಪುಟ್ಟ ಕೈಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ಪೆಟ್ಟಿಗೆಯನ್ನೆತ್ತಿ, ಸಾಬೂನನ್ನೆಲ್ಲ ಕಡಾಯಿಗೆ ಸುರಿದು, ಉಪ್ಪಿನ ಚೀಲಕ್ಕೆ ಕೈ ಹಾಕಿದ.