ಖಂಡೇನವಮಿಯ ಸಪ್ಪಳ

ನಾನು ಒಂದು ಪುಟ್ಟ ವಿಮಾನ. ನಾಲ್ಕು ಆಸನ, ಮೂರು ಗಾಲಿ, ಒಂದೇ ಎಂಜಿನ್. ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಅದೇ ವಾರ ನನ್ನಂಥ ಹನ್ನೊಂದು ಜನ ಒಡಹುಟ್ಟಿದವರು ಹೊರಬಂದರು. ಒಬ್ಬರ ಮುಖವನ್ನೂ ಮತ್ತೆ ನೋಡಲಿಲ್ಲ. ಒಮ್ಮೆ ಹಾರಿಸಿ ಪರೀಕ್ಷಿಸಿದರು, ಮರುದಿನವೇ ರೆಕ್ಕೆ ಕಳಚಿ ಮರದ ಪೆಟ್ಟಿಗೆಯಲ್ಲಿಟ್ಟು ಹಡಗು ಹತ್ತಿಸಿದರು. ನಲವತ್ತು ದಿನ ಆ ಕತ್ತಲೆಯಲ್ಲಿ ಮಲಗಿದ್ದೆ. ಒಂಟಿತನದ ಮೊದಲ ಪಾಠ ಅಲ್ಲೇ ಆಯಿತು.

ಮುಂಬಯಿಯ ಹತ್ತಿರ ವಿಮಾನ ಕಲಿಸುವ ಶಾಲೆಯೊಂದರಲ್ಲಿ ಒಂಬತ್ತು ವರ್ಷ ದುಡಿದೆ. ಕಲಿಯಲು ಬಂದವರು ನನ್ನನ್ನು ನೆಲಕ್ಕೆ ಕುಕ್ಕಿ ಕುಕ್ಕಿ ಇಳಿಸಿದರು. ಕಲಿತ ಮೇಲೆ ದೊಡ್ಡ ವಿಮಾನಗಳಿಗೆ ಹೋದರು. ಹೋಗುವಾಗ ತಿರುಗಿ ನೋಡಿದವರು ಕಡಿಮೆ. ಅವರ ತಪ್ಪಲ್ಲ ಬಿಡಿ. ಅಂಕಲಿಪಿಯನ್ನು ಯಾರು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ?

ಅಲ್ಲಿಂದ ನನ್ನನ್ನು ಕೊಂಡವರು ಗದಗ ಸೀಮೆಯ ಹತ್ತಿ ಗಿರಣಿ ಮಾಲೀಕ ವೀರಸಂಗಪ್ಪ ಹೊಂಬಳ. ಊರಿನವರಿಗೆ ಸಾವ್ಕಾರ್ರು. ಹೆಂಡತಿ ತೀರಿಕೊಂಡ ಮೇಲೆ, ಐವತ್ತರ ವಯಸ್ಸಿನಲ್ಲಿ, ಹಾರುವುದನ್ನು ಹಟ ಹಿಡಿದು ಕಲಿತವರು. ಗಿರಣಿಯ ಹಿಂದೆ ಗರಸು ಮಣ್ಣು ಹಾಸಿ ನಾನು ಓಡಿ ಮೇಲೇರಲು ಒಂದು ದಾರಿ ಮಾಡಿಸಿದರು, ತಗಡಿನ ಶೆಡ್ ಕಟ್ಟಿಸಿದರು. ನಾಲ್ಕು ಆಸನಗಳಲ್ಲಿ ಮೂರು ಸದಾ ಖಾಲಿ. ಮೇಲೇರಿದ ಮೇಲೆ ಅವರು ಮೆಲ್ಲಗೆ ಮಾತಾಡುತ್ತಿದ್ದರು. ನನ್ನೊಂದಿಗೇ ಎಂದು ಹಿಗ್ಗಿದ್ದೆ. ಪಕ್ಕದ ಖಾಲಿ ಆಸನದೊಂದಿಗೆ ಎಂದು ತಿಳಿಯಲು ಕೆಲವು ತಿಂಗಳು ಬೇಕಾಯಿತು.

ನನ್ನ ಮಾತಿಗೆ ಕಿವಿ ಕೊಡುತ್ತಿದ್ದವನು ಮೆಕ್ಯಾನಿಕ್ ಕಾಳಪ್ಪ ಬಡಿಗೇರ. ವಾಯುಸೇನೆಯಲ್ಲಿ ಹದಿನೈದು ವರ್ಷ ಎಂಜಿನ್ ಬಿಚ್ಚಿ ಜೋಡಿಸಿ ಊರಿಗೆ ಮರಳಿದ್ದ. ಅವನ ಬಳಿ ಮರದ ಹಿಡಿಯ ಹಳೆಯ ಸ್ಕ್ರೂಡ್ರೈವರ್ ಒಂದಿತ್ತು. ನಾನು ಗುಡುಗುಡಿಸುವಾಗ ಅದರ ತುದಿಯನ್ನು ನನ್ನ ಎದೆಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ಎರಡನೇ ಸಿಲಿಂಡರ್ ಸ್ವಲ್ಪ ಗೊಣಗಾಕತ್ತೈತಿ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಹೌದು, ಅಲ್ಲೇ ನೋವು. ಅಂಥ ವೈದ್ಯ ಮನುಷ್ಯರಿಗೂ ಸಿಗಲಿಕ್ಕಿಲ್ಲ.

ಒಂದು ವರ್ಷದ ಖಂಡೇನವಮಿ, ಆಯುಧಪೂಜೆಯ ದಿನ. ಕಾಳಪ್ಪ ತನ್ನ ಸ್ಪ್ಯಾನರು, ಇಕ್ಕಳ, ಆ ಸ್ಕ್ರೂಡ್ರೈವರ್, ಎಲ್ಲವನ್ನೂ ತೊಳೆದು ಕಂಬಳಿಯ ಮೇಲೆ ಸಾಲಾಗಿಟ್ಟು ವಿಭೂತಿ, ಕುಂಕುಮ ಹಚ್ಚಿದ. ನನ್ನ ಮೂಗಿಗೆ ಚೆಂಡುಹೂವಿನ ಮಾಲೆ, ಗಾಲಿಗಳ ಕೆಳಗೆ ಲಿಂಬೆಹಣ್ಣು. ಪೂಜೆ ಮುಗಿದ ಮೇಲೆ ಸಾವ್ಕಾರ್ರು ಒಳಗೆ ಕೂತು ನನ್ನನ್ನು ಚಾಲೂ ಮಾಡಿ, ಲಿಂಬೆಹಣ್ಣು ಅಪ್ಪಚ್ಚಿಯಾಗುವಷ್ಟು ಮುಂದಕ್ಕೆ ತಂದರು.

ಆಗಲೇ ಮೂರನೆಯ ಸಿಲಿಂಡರಿನಲ್ಲಿ ಏನೋ ಚುಚ್ಚಿದಂತಾಯಿತು. ಒಂದು ವಾಲ್ವ್ ಬಿರುಕು ಬಿಟ್ಟಿತ್ತು. ಟಕ್ ಎಂದೆ. ಸ್ವಲ್ಪ ತಡೆದು ಮತ್ತೆ ಟಕ್ ಎಂದೆ. ಕಾಳಪ್ಪ ಥಟ್ಟನೆ ತಲೆ ಎತ್ತಿದ. ಕೈ ಕಂಬಳಿಯತ್ತ ಚಾಚಿತು, ಕುಂಕುಮ ಕಂಡು ಹಿಂದಕ್ಕೆ ಬಂತು. ಪೂಜೆಗೆ ಇಟ್ಟ ಸಾಮಾನನ್ನು ಮರುದಿನದವರೆಗೆ ಯಾರೂ ಎತ್ತುವುದಿಲ್ಲ. ಸಾವ್ಕಾರ್ರು ಗಾಜಿನ ಒಳಗಿನಿಂದ ಅವನ ಮುಖ ನೋಡಿದರು. ಕಾಳಪ್ಪ ನೆಲ ನೋಡಿದ. ಎಂಜಿನ್ ಆರಿಸಿದರು, ಇಬ್ಬರೂ ಹೋಳಿಗೆ ಊಟಕ್ಕೆ ಹೋದರು.

ದಶಮಿಯ ಸಂಜೆ ಬಳ್ಳಾರಿಯಲ್ಲಿರುವ ಅಕ್ಕನಿಗೆ ಬನ್ನಿ ಕೊಡುವುದು ಸಾವ್ಕಾರ್ರ ರೂಢಿ. ಸಾಮಾನ್ಯವಾಗಿ ಬೆಳಿಗ್ಗೆ ಹತ್ತು ಗಂಟೆಗೆ ಹೊರಡುವವರು ಮರುದಿನ ಅದೇಕೋ ಏಳಕ್ಕೇ ಹೊರಟರು. ಕಾಳಪ್ಪ ಇನ್ನೂ ಬಂದಿರಲಿಲ್ಲ. ಹನ್ನೆರಡು ನಿಮಿಷ ಹಾರಿದೆವು. ಆಮೇಲೆ ವಾಲ್ವ್ ಮುರಿದು ಒಳಗೆ ಬಿತ್ತು. ಎಂಜಿನ್ ಒದ್ದಾಡಿ ನಿಂತೇಹೋಯಿತು. ಸಾವ್ಕಾರ್ರು ಗಾಬರಿಯಾಗಲಿಲ್ಲ, ನನ್ನನ್ನು ಮೆಣಸಿನಕಾಯಿ ಹೊಲಕ್ಕೆ ಹಗುರಾಗಿ ಇಳಿಸಿದರು. ಆದರೆ ಮಳೆ ಕುಡಿದ ಎರೆಮಣ್ಣು ಗಾಲಿಗಳನ್ನು ಕಚ್ಚಿ ಹಿಡಿಯಿತು, ನಾನು ಮೂಗು ಊರಿ ಮಗುಚಿದೆ. ಬಾಗಿಲು ಕಿತ್ತು ಹೊರಗೆ ಚಾಚಿದ ಅವರ ಬಲಗಾಲು ನನ್ನ ಕೆಳಗೆ ಸಿಕ್ಕಿತು. ನಾನೇ ನನ್ನ ಭಾರದಿಂದ ಅದನ್ನು ಜಜ್ಜಿದೆ. ಮೊಣಕಾಲಿನ ಕೆಳಗೆ ಕಾಲು ಉಳಿಯಲಿಲ್ಲ.

ವಿಚಾರಣೆಗೆ ಅಧಿಕಾರಿ ಬಂದರು. "ಹಿಂದಿನ ದಿನ ಏನಾದರೂ ವ್ಯತ್ಯಾಸ ಕಂಡಿತ್ತೇ?" ಎಂದು ಕೇಳಿದರು.

"ಇಲ್ಲರಿ ಸರ್" ಎಂದ ಕಾಳಪ್ಪ.

ಆಸ್ಪತ್ರೆಯಲ್ಲಿ ಸಾವ್ಕಾರ್ರೂ ಹಾಗೇ ಹೇಳಿದರಂತೆ. ಎಂಜಿನ್ ಯಾವ ಮುನ್ಸೂಚನೆಯನ್ನೂ ಕೊಡದೆ ಕೆಟ್ಟಿತು ಎಂದು ವರದಿ ಬಂತು. ನನಗೆ ಸಿಟ್ಟು ಬಂತು. ನಾನು ಹೇಳಿದ್ದೆ! ನನಗಿರುವ ಒಂದೇ ಭಾಷೆಯಲ್ಲಿ ಎರಡು ಸಲ ಹೇಳಿದ್ದೆ.

ನನ್ನನ್ನು ಎಳೆತಂದು ಶೆಡ್ಡಿಗೆ ನೂಕಿದರು. ಹದಿನಾಲ್ಕು ವರ್ಷ ಕಳೆಯಿತು. ಗಾಲಿಗಳ ಗಾಳಿ ಹೋಯಿತು, ಆಸನಗಳಲ್ಲಿ ಇಲಿಗಳು ಸಂಸಾರ ಹೂಡಿದವು. ಅವುಗಳ ಗದ್ದಲವಾದರೂ ಇರಲಿ ಎಂದು ಸುಮ್ಮನಿದ್ದೆ. ಕಾಳಪ್ಪ ಗಿರಣಿಯ ಕೆಲಸ ಬಿಟ್ಟು ಪಂಪ್‌ಸೆಟ್ ರಿಪೇರಿಗೆ ಹೋದನೆಂದು ಕೇಳಿದೆ. ಸಾವ್ಕಾರ್ರ ಊರುಗೋಲು ಅಂಗಳದವರೆಗೆ ಬರುತ್ತಿತ್ತು, ಶೆಡ್ಡಿನ ಬಾಗಿಲಿಗೆ ಬರುತ್ತಿರಲಿಲ್ಲ. ನನ್ನ ಮೇಲೆ ಅವರಿಗೆ ಸಿಟ್ಟು ಎಂದುಕೊಂಡಿದ್ದೆ.

ಹೋದ ದಶಮಿಯ ಸಂಜೆ ಬಾಗಿಲು ಕಿರುಗುಟ್ಟಿತು. ಕಾಳಪ್ಪ! ತಲೆ ಪೂರ್ತಿ ನೆರೆತಿತ್ತು. ಅವನ ಹಿಂದೆ ಊರುಗೋಲಿನ ಸದ್ದು.

"ಇಲ್ಲಿಗ್ಯಾಕ ಕರಕೊಂಡು ಬಂದಿ, ಕಾಳಪ್ಪ? ಬನ್ನಿ ಅಲ್ಲೇ ಕೊಡಬಹುದಿತ್ತಲ್ಲ."

"ಕೊಡೂಕಿಂತ ಮೊದಲ ಒಂದು ಮಾತು ಐತ್ರಿ ಸಾವ್ಕಾರ್ರ. ಅದನ್ನ ಇದರ ಮುಂದನ ಹೇಳಬೇಕು. ಕೇಳಿದ ಮ್ಯಾಲ ತಗೊಂಡ್ರ ತಗೋರಿ, ಬಿಟ್ರ ಬಿಡ್ರಿ." ಬನ್ನಿ ಎಲೆ ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. "ಅವತ್ತ ಪೂಜಿ ಆದ ಮ್ಯಾಲ ಎಂಜಿನ್ನಿನಾಗ ಸಪ್ಪಳ ಬಂದಿತ್ರಿ. ನಾ ಕೇಳಿದ್ದೆ. ನಾಳೆ ಮುಂಜಾನೆ ಬಿಚ್ಚಿ ನೋಡಿದ್ರಾತು, ಹಬ್ಬದ ದಿನ ಕೆಟ್ಟ ಮಾತು ಯಾಕ ಅಂತ ಬಾಯಿ ಮುಚ್ಚಿದೆ. ನಿಮ್ಮ ಕಾಲು ಹೋಗಿದ್ದು ನನ್ನಿಂದ."

ಸಾವ್ಕಾರ್ರು ಊರುಗೋಲಿನಿಂದ ನೆಲವನ್ನು ಎರಡು ಸಲ, ನಡುವೆ ಸ್ವಲ್ಪ ತಡೆದು, ಕುಟ್ಟಿದರು. ಟಕ್. ಟಕ್.

"ಹಿಂಗ ಬಂದಿತ್ತು, ಹೌದಿಲ್ಲೊ?"

ಕಾಳಪ್ಪ ಹೌದೆಂದು ತಲೆ ಆಡಿಸಿದ.

"ನನಗೂ ಕೇಳಿಸಿತ್ತು. ನಿನ್ನ ಮಾರಿ ನೋಡಿದೆ, ನೀ ಏನೂ ಅನಲಿಲ್ಲ. ಕಾಳಪ್ಪಗ ಕೇಳಿಸದ್ದು ನನಗ ಹೆಂಗ ಕೇಳಿಸೀತು, ನನ್ನ ಕಿವಿಗೇ ವಯಸ್ಸಾತು ಅಂದ್ಕೊಂಡೆ. ಆಮ್ಯಾಲ ವಿಚಾರಣಿಯೊಳಗ ಖರೇ ಹೇಳಿದ್ರ ಎಲ್ಲಾ ನಿನ್ನ ತಲಿ ಮ್ಯಾಲ ಬರತೈತಿ ಅಂತ ಹೆದರಿದೆ. ಈ ಬಾಗಿಲ ದಾಟಾಕ ನನಗೂ ಮಾರಿ ಇದ್ದಿದ್ದಿಲ್ಲೋ ತಮ್ಮಾ."

ಇಬ್ಬರೂ ಅತ್ತರು. ಬನ್ನಿ ಕೊಟ್ಟು ತೆಗೆದುಕೊಂಡರು. "ಬಂಗಾರದಂಗ ಇರೋಣ" ಎಂದು ಒಬ್ಬರಿಗೊಬ್ಬರು ಹೇಳಿದರು. ಕಾಳಪ್ಪ ಅಂಗಿಯ ಜೇಬಿನಿಂದ ಆ ಮರದ ಹಿಡಿಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ನನ್ನ ಮೂರನೆಯ ಸಿಲಿಂಡರಿಗೆ ಒತ್ತಿ, ಕಿವಿ ಹಚ್ಚಿ, ಕಣ್ಣು ಮುಚ್ಚಿದ. ನನ್ನಲ್ಲಿ ಸದ್ದೆಲ್ಲಿಂದ ಬರಬೇಕು? ಆದರೂ ಅವನು ಬಹಳ ಹೊತ್ತು ಹಾಗೇ ನಿಂತಿದ್ದ. ಹೋಗುವಾಗ ಸಾವ್ಕಾರ್ರು ಒಂದು ಬನ್ನಿ ಎಲೆಯನ್ನು ನನ್ನ ಮೂಗಿನ ಮೇಲಿಟ್ಟರು.

ಬಾಗಿಲು ಮತ್ತೆ ಮುಚ್ಚಿದೆ. ಎಲೆ ಒಣಗಿ ಸುರುಟಿದೆ, ಇಲಿಗಳು ಅದೇಕೋ ಅದನ್ನು ಮುಟ್ಟಿಲ್ಲ. ಸಿಟ್ಟು ಇಳಿದಿದೆ, ಒಂಟಿತನ ಇದ್ದಲ್ಲೇ ಇದೆ. ಆ ಖಂಡೇನವಮಿಯ ದಿನ ಇಲ್ಲಿ ಬಾಯಿ ಇದ್ದವರು ಇಬ್ಬರಿದ್ದರು, ಮಾತಾಡಿದ್ದು ನಾನೊಬ್ಬನೇ.