ಎರಡು ದಡದ ತಲೆ

ನನ್ನ ಮನೆ ಡ್ಯಾನ್ಯೂಬ್ ನದಿಯ ಈ ದಡದ ರೂಸೆಯಲ್ಲಿ, ಕೆಲಸ ಆ ದಡದ ಜುರ್ಜುವಿನಲ್ಲಿ. ನಮ್ಮದು ಬಲ್ಗೇರಿಯಾ, ಅದು ರೊಮೇನಿಯಾ. ದಿನವೂ ಸೇತುವೆ ದಾಟಿ ಬಂದ ಮೇಲೆ ಎರಡನ್ನು ಬದಲಿಸಬೇಕು: ಲ್ಯಾಪ್‌ಟಾಪಿನ ನೆಟ್‌ವರ್ಕನ್ನು, ನನ್ನ ತಲೆಯನ್ನು. ಕಚೇರಿಯಲ್ಲಿ ಲ್ಯಾಪ್‌ಟಾಪಿಗೆ ಪ್ರಾಕ್ಸಿ ಎಂಬ ಕಾವಲುಗಾರನಿರುತ್ತಾನೆ. ಮನೆಯಲ್ಲಿ ಅವನನ್ನು ಆಫ್ ಮಾಡದಿದ್ದರೆ ಒಂದು ಪುಟವೂ ತೆರೆಯುವುದಿಲ್ಲ. ತಲೆಯದ್ದೂ ಅದೇ ಕಥೆ. ಆ ದಡದವರು ಹೌದು ಎನ್ನಲು ಗೋಣನ್ನು ಮೇಲೆ ಕೆಳಗೆ ಹಾಕುತ್ತಾರೆ. ನಮ್ಮಲ್ಲಿ ಹಾಗೆ ಹಾಕಿದರೆ ಇಲ್ಲ ಎಂದರ್ಥ. ಹೌದು ಎನ್ನಲು ನಾವು ತಲೆಯನ್ನು ಅತ್ತಿತ್ತ ಆಡಿಸುತ್ತೇವೆ.

ಒಮ್ಮೆ ಹಸಿದು ಬಂದಿದ್ದೆ. ಅಮ್ಮ ಚೀಸ್ ತುಂಬಿದ ಬಿಸಿ ಬಾನಿತ್ಸಾ ಹಿಡಿದು, "ಬೇಕೇನೇ ದೆನಿತ್ಸಾ?" ಎಂದಳು. ಆ ದಡದ ಗುಂಗಿನಲ್ಲೇ ಗೋಣು ಹಾಕಿಬಿಟ್ಟೆ. "ಬೇಡ್ವಾ? ಸರಿ ಬಿಡು," ಎಂದು ತಟ್ಟೆಯನ್ನು ಪಕ್ಕದ ಮನೆಯ ತ್ಸೋಂಕಾಗೆ ಕೊಟ್ಟೇಬಿಟ್ಟಳು. ಅಂದಿನಿಂದ ನಾನು ಮನೆಯೊಳಗೆ ಕಾಲಿಡುವಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ತಲೆ ಬದಲಾಯಿಸ್ಕೊಂಡು ಬಂದ್ಯೇನೇ?"

ಅಮ್ಮನ ಹೆಸರು ಯೊರ್ದಾಂಕಾ. ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಯಂತ್ರದ ಸದ್ದಿಗೆ ದನಿ ಏರಿಸಿ ಹಾಡುತ್ತಲೇ ನಿವೃತ್ತಳಾದವಳು. ಈಗ ನಮ್ಮ ಕಟ್ಟಡದ ಹೆಂಗಸರನ್ನು ಕಟ್ಟಿಕೊಂಡು ಒಂದು ಹಾಡಿನ ತಂಡ ಮಾಡಿದ್ದಾಳೆ. ಅಂಗಳದಲ್ಲಿ ಹಾಡಿದ್ದೇ ಹಾಡಿದ್ದು, ವೇದಿಕೆಗೆ ಬಾ ಎಂದು ಇವರನ್ನು ಯಾರೂ ಕರೆದಿಲ್ಲ. ಆ ದಡದಲ್ಲಿ ನಡೆಯುವ ನದಿಯುತ್ಸವದಲ್ಲಿ ಕೊನೆಯದೊಂದು ತಂಡಕ್ಕೆ ಜಾಗವಿದೆ, ಸಂಜೆ ಆರಕ್ಕೆ ವಿಡಿಯೊದಲ್ಲಿ ಹಾಡಿ ತೋರಿಸಿ ಎಂದು ಸುದ್ದಿ ಬಂದಾಗ ಅವಳು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಆರಿಸುವವಳು ಸೆವ್ದಾ ಎಂಬಾಕೆ. ನಮ್ಮ ರೂಸೆಯಲ್ಲೇ ಹುಟ್ಟಿ ಆ ದಡಕ್ಕೆ ಮದುವೆಯಾಗಿ ಹೋದವಳು.

ಹಾಡಬೇಕಾದ ದಿನ ಆರಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ನಾನು ಓಡುತ್ತ ಬಂದೆ. ನಡುಮನೆಯಲ್ಲಿ ಕೆಂಪು ಲಂಗ, ಕಸೂತಿಯ ರವಿಕೆ ತೊಟ್ಟ ಹೆಂಗಸರ ಸಂತೆ. ಲ್ಯಾಪ್‌ಟಾಪ್ ತೆರೆದೆ. ಪುಟ ತೆರೆಯಲಿಲ್ಲ. ಅದು ಅಂದೇ ಕಚೇರಿಯಲ್ಲಿ ಕೊಟ್ಟ ಹೊಸ ಯಂತ್ರ. ಹಳೆಯದರಲ್ಲಿ 'ಮನೆ', 'ಕಚೇರಿ' ಎಂದು ಎರಡು ಗುಂಡಿಗಳಿದ್ದವು, ಒತ್ತಿದರೆ ಮುಗಿಯಿತು. ಇದರಲ್ಲಿ ಅವಿಲ್ಲ!

"ಫೋನಲ್ಲೇ ಹಾಡೋಣ್ವೇನೇ?" ಎಂದಳು ತ್ಸೋಂಕಾ.

"ನಮ್ಮೆಲ್ಲರ ಗಂಟಲೂ ಸೇರಿ ಅದ್ರಲ್ಲಿ ಒಂದು ಸೊಳ್ಳೆ ಆಗತ್ತೆ. ಸುಮ್ನಿರು ಮಾರಾಯ್ತಿ," ಎಂದಳು ಅಮ್ಮ.

ನೆಟ್‌ವರ್ಕ್ ನೋಡಿಕೊಳ್ಳುವ ನಮ್ಮ ಕಚೇರಿಯ ಕೊರ್ನೆಲ್‌ಗೆ ಫೋನಿನಲ್ಲಿ ವಿಡಿಯೊ ಕರೆ ಮಾಡಿದೆ. ಅಷ್ಟರಲ್ಲಿ ತಂಡ ಗಂಟಲು ಬಿಸಿ ಮಾಡಿಕೊಳ್ಳಲು ಶುರುಮಾಡಿತು. ಕಿಟಕಿಯ ಗಾಜು ನಡುಗುವ ದನಿ! ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದರಿಂದ ಅವನ ಮಾತು ನನಗೆ ಕೇಳುತ್ತಿತ್ತು, ನನ್ನದು ಅವನಿಗೆ ಕೇಳುತ್ತಿರಲಿಲ್ಲ.

"ಏನೂ ಕೇಳ್ತಿಲ್ಲ, ತಲೆಯಲ್ಲೇ ಹೇಳು," ಎಂದ ಕೊರ್ನೆಲ್. "ಸೆಟ್ಟಿಂಗ್ಸಿಗೆ ಹೋಗು. ಪ್ರಾಕ್ಸಿ ಅಂತ ಇದ್ಯಲ್ಲ, ಅದನ್ನ ಒತ್ತು. ಆರಿತಾ?"

ಆರಿತ್ತು. ಹೌದು ಎಂದು ತಲೆಯನ್ನು ಅತ್ತಿತ್ತ ಆಡಿಸಿದೆ.

"ಆರಿಲ್ವಾ? ಹಾಗಾದ್ರೆ ಇನ್ನೊಂದ್ಸಲ ಒತ್ತು."

ಬಲ್ಲವನು ಹೇಳುತ್ತಿದ್ದಾನಲ್ಲ ಎಂದು ಒತ್ತಿದೆ. ಅದು ಮತ್ತೆ ಹೊತ್ತಿಕೊಂಡಿತು.

"ಈಗ ಆರಿತಾ?"

ಇಲ್ಲ ಎಂದು ಗೋಣು ಹಾಕಿದೆ.

"ಭೇಷ್! ಅಷ್ಟೇ ಕೆಲಸ. ಈಗ ನೋಡು."

ಏನು ನೋಡುವುದು, ಅವನ ತಲೆ! ಪುಟ ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿಸಿದ, ಆರಿತು. ಮತ್ತೊಮ್ಮೆ ಒತ್ತಿಸಿದ, ಹೊತ್ತಿತು. ಎತ್ತು ಏರಿಗೆ, ಕೋಣ ನೀರಿಗೆ. ನನಗೆ ಅವನನ್ನು ಫೋನಿನೊಳಗಿಂದಲೇ ಕಿವಿ ಹಿಡಿದು ಎಳೆಯಬೇಕು ಎನಿಸಿತು. ಗಡಿಯಾರ ಆರನ್ನು ಮುಟ್ಟುತ್ತಿತ್ತು.

ಅಮ್ಮ ಹಾಡು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಥಟ್ಟನೆ ಗಹಗಹಿಸಿ ನಕ್ಕಳು.

"ಅಯ್ಯೋ ಪೆದ್ದಿ! ನಿನ್ ತಲೆ ಮನೇಲಿದೆ, ಅವ್ನು ಆಫೀಸಲ್ಲಿದಾನೆ ಕಣೇ!"

ನಾನೂ ನಕ್ಕುಬಿಟ್ಟೆ, ಕಣ್ಣಲ್ಲಿ ನೀರು ಬರುವಷ್ಟು. ಇಷ್ಟು ವರ್ಷ ಕೊರ್ನೆಲ್‌ನೊಂದಿಗೆ ಮಾತಾಡಿದ್ದೆಲ್ಲ ಆ ದಡದ ತಲೆಯಿಂದ. ಇಂದು ಅಮ್ಮನ ಮನೆಯಲ್ಲಿ ಕೂತು ಅದು ತಾನಾಗಿಯೇ ಬದಲಾಗಿತ್ತು. ಪ್ರಾಕ್ಸಿಯನ್ನು ಒಂದೇ ಸಲ ಒತ್ತಿ, ಅದು ಆರಿದ್ದನ್ನು ಕಣ್ಣಾರೆ ಕಂಡು, ಕೊರ್ನೆಲ್‌ಗೆ ಕೈ ಮುಗಿದು ಕರೆ ಮುಗಿಸಿದೆ. ಪುಟ ತೆರೆಯಿತು. ಸೆವ್ದಾ ಕನ್ನಡಕ ಏರಿಸಿಕೊಂಡು ಕೂತಿದ್ದಳು.

ಅಮ್ಮ ಕಣ್ಣು ಮುಚ್ಚಿ ಹಾಡು ಎತ್ತಿದಳು. ಉಳಿದವರು ಕೆಳಗಿನ ಸ್ವರದಿಂದ ಅದನ್ನು ಹಿಡಿದರು. ಅಂಗಳದಲ್ಲಿ ನೂರು ಸಲ ಕೇಳಿದ ಹಾಡೇ ಅದು, ಆದರೂ ನನ್ನ ಮೈ ಜುಮ್ಮೆಂದಿತು. ನನ್ನ ಅಮ್ಮ ಇಷ್ಟು ಚೆನ್ನಾಗಿ ಹಾಡುತ್ತಾಳೆ ಎಂದು ನನಗೆ ಗೊತ್ತೇ ಇರಲಿಲ್ಲ!

ಹಾಡು ಮುಗಿದದ್ದೇ ತಡ, ತ್ಸೋಂಕಾ ಸಂಭ್ರಮದಲ್ಲಿ ನನ್ನನ್ನು ತಬ್ಬಿಕೊಳ್ಳಲು ಬಂದು ಮೊಣಕೈಯನ್ನು ಲ್ಯಾಪ್‌ಟಾಪಿನ ಕೀಲಿಮಣೆಯ ಮೇಲೆ ಊರಿದಳು. ಸದ್ದು ಹೋಯಿತು. ತೆರೆಯ ಮೇಲೆ ಸೆವ್ದಾಳ ತುಟಿ ಆಡುತ್ತಿತ್ತು. ಆಮೇಲೆ ಆಕೆ ಅಮ್ಮನನ್ನೇ ನೋಡುತ್ತ ನಿಧಾನವಾಗಿ ಗೋಣು ಹಾಕಿದಳು. ಮೇಲೆ, ಕೆಳಗೆ. ಮತ್ತೊಮ್ಮೆ.

ಅಮ್ಮ ತಲೆಯ ಮೇಲಿನ ಹೂವನ್ನು ಕಿತ್ತು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತಳು.

"ಹೋಗ್ಲಿ ಬಿಡ್ರೇ. ನಮ್ಮೂರೋಳೇ ಇಲ್ಲ ಅಂದ್ಮೇಲೆ ಇನ್ಯಾರು ಹೂಂ ಅಂತಾರೆ," ಎಂದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

"ತಡಿಯಮ್ಮಾ! ಅವ್ಳು ಈಗ ಮನೇಲಿದಾಳೋ ಆಫೀಸಲ್ಲಿದಾಳೋ, ಯಾರಿಗ್ಗೊತ್ತು?"

ಸದ್ದಿನ ಗುಂಡಿ ಹುಡುಕುವುದರಲ್ಲಿ ಬೆಳಕಿನ ಗುಂಡಿ ಒತ್ತಿದೆ, ತೆರೆ ಮಂಕಾಯಿತು, ತ್ಸೋಂಕಾ ದೇವರನ್ನು ಕರೆದಳು. ಕೊನೆಗೂ ಸಿಕ್ಕಿತು. ಒತ್ತಿದೆ.

"ದಾ, ದಾ, ದಾ!" ಎಂದು ಮನೆಯೆಲ್ಲ ತುಂಬಿತು ಸೆವ್ದಾಳ ದನಿ. "ಕೇಳ್ತಿದ್ಯಾ ಯೊರ್ದಾಂಕಾ? ದಾ ಅಂತ ಆಗಿಂದ ಬಡ್ಕೊಳ್ತಿದೀನಿ!"

ತಲೆ ಹೇಗೆ ಆಡಿದರೂ ಆಡಲಿ, ಬಾಯಲ್ಲಿ ದಾ ಎಂದರೆ ಎರಡೂ ದಡದಲ್ಲಿ ಹೌದು ಎಂದೇ ಅರ್ಥ. ಹೆಂಗಸರು ಕಿರುಚಿದ ಅಬ್ಬರಕ್ಕೆ ಕೆಳಗಿನ ಮನೆಯವರು ಕೋಲಿನಿಂದ ಚಾವಣಿ ಕುಟ್ಟಿದರು.

ಅಮ್ಮ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು.

"ನಿಜವಾಗ್ಲೂ ನನ್ನನ್ನ ಕರೆದ್ರೇನೇ? ವೇದಿಕೆಗೆ?"

ಗೋಣನ್ನು ಮೇಲೆ ಕೆಳಗೆ ಹಾಕಿದೆ. ತಲೆಯನ್ನು ಅತ್ತಿತ್ತಲೂ ಆಡಿಸಿದೆ.

"ಯಾವ್ದನ್ನ ನಂಬ್ಲೇ?" ಎಂದಳು ಅಮ್ಮ, ಅಳುತ್ತ ನಗುತ್ತ. ಕೈ ಆಗಲೇ ಮೇಜಿನ ಮೇಲಿನ ಹೂವನ್ನು ಹುಡುಕುತ್ತಿತ್ತು.