ಟೀಪಾಯಿಗೆ ಎಣ್ಣೆ ಹಚ್ಚಿದ ದಿನ

ಕ್ಷೌರದ ಅಂಗಡಿಗೆ ವಾರಕ್ಕೊಂದು ದಿನ ರಜೆ. ಆ ದಿನ ಅತ್ತೆಯನ್ನು ನೋಡಿಕೊಳ್ಳುವುದು ಅಳಿಯನ ಪಾಲು. ನರ್ಸಾಗಿದ್ದ ಹೆಂಡತಿಗೆ ಉಳಿದ ದಿನಗಳಲ್ಲಿ ರಾತ್ರಿ ಪಾಳಿ, ಅವತ್ತು ಮಾತ್ರ ಹಗಲು.

ಅತ್ತೆಗೆ ಈಚೆಗೆ ಮರೆವು. ಮೂರು ವಾರದ ಹಿಂದೆ ಯಾರಿಗೂ ಹೇಳದೆ ಹೊರಟವರು ಎರಡು ಬಸ್ಸು ಬದಲಿಸಿ, ಎಲ್ಲೋ ಊರಾಚೆ ಸಿಕ್ಕಿದ್ದರು. ಅಂದಿನಿಂದ ಅವರೊಬ್ಬರನ್ನೇ ಬಿಟ್ಟು ಹೋಗುವಾಗ ಹೊರಗಿನಿಂದ ಬೀಗ ಹಾಕುವುದೆಂದು ಗಂಡ ಹೆಂಡತಿ ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ಅತ್ತೆಗೆ ಹೇಳಿರಲಿಲ್ಲ.

ಟೀಪಾಯಿಯ ಯೋಚನೆ ಬಂದದ್ದು ಅವರಿಗಾಗಿಯೇ. ಕುರ್ಚಿಯ ಕೈ ಮೇಲೆ ಲೋಟ ಇಡಲು ಹೋಗಿ ತೊಡೆಯ ಮೇಲೆ ಬಿಸಿ ಕಾಫಿ ಚೆಲ್ಲಿಕೊಂಡಿದ್ದರು. ಮನೆಯಲ್ಲಿ ಮುರಿದ ಮಂಚದ ಹಲಗೆಗಳಿದ್ದವು. ಅಳಿಯ ಅವರ ಮೊಣಕಾಲಿನ ಎತ್ತರ ಅಳೆದು ನಾಲ್ಕು ಕಾಲು ಕೊಯ್ದ. ಒಂದು ಗಿಡ್ಡವಾಯಿತು. ಕೂದಲಾದರೆ ಮತ್ತೆ ಬೆಳೆಯುತ್ತದೆ, ಹಲಗೆ ಬೆಳೆಯುವುದಿಲ್ಲ ಎಂದು ತನ್ನನ್ನೇ ಬೈದುಕೊಂಡು ಹೊಸದಾಗಿ ಕೊಯ್ದ. ಎರಡು ರಜೆ ಹಿಡಿಯಿತು. ಮೂರನೆಯ ರಜೆಯ ದಿನ ಬೆಳಿಗ್ಗೆ ಅಂಗಡಿಯ ಹಳೆಯ ಟವೆಲುಗಳನ್ನು ಅಗಸೆ ಎಣ್ಣೆಯಲ್ಲಿ ಅದ್ದಿ ಮರಕ್ಕೆಲ್ಲ ತಿಕ್ಕಿದ. ಅಚ್ಚುಕಟ್ಟಿನ ಮನುಷ್ಯ, ಕೆಲಸ ಮುಗಿದ ಮೇಲೆ ಟವೆಲುಗಳನ್ನು ಉಂಡೆ ಮಾಡಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತುರುಕಿ, ಅತ್ತೆಯ ಕೋಣೆಯ ಪಕ್ಕದ ಉಗ್ರಾಣದಲ್ಲಿಟ್ಟು ಬಾಗಿಲೆಳೆದ.

ಊಟವಾದ ಮೇಲೆ ಅತ್ತೆ ಮಲಗಿದರು. ಎರಡು ಗಂಟೆಗೆ ಬೀಗ ಹಾಕಿಕೊಂಡು, ಟೀಪಾಯಿಯ ಕಾಲಿಗೆ ರಬ್ಬರು ತರಲು ಹಾರ್ಡ್‌ವೇರ್ ಅಂಗಡಿಗೆ ಹೋದ. ಅಲ್ಲಿ ಒಬ್ಬ ಮುದಿ ಬಡಗಿ ಸ್ಟೂಲಿನ ಮೇಲೆ ಕೂತಿದ್ದ. ಇವನ ಕೈಯಿಂದ ಬಂದ ವಾಸನೆ ಹಿಡಿದು, ಯಾವ ಎಣ್ಣೆ ಹಚ್ಚಿದಿರಿ ಎಂದು ಮಾತಿಗಿಳಿದ. ಇವನು ಹಿಗ್ಗಿನಿಂದ ಎಲ್ಲವನ್ನೂ ಹೇಳಿದ.

"ಒರೆಸಿದ ಬಟ್ಟೆ ಏನ್ ಮಾಡಿದ್ರಿ?"

"ಬಕೆಟ್ಟಲ್ಲಿ ತುರುಕಿಟ್ಟಿದೀನಿ."

ಬಡಗಿ ಸ್ಟೂಲು ಬಿಟ್ಟು ಎದ್ದ. "ಎಷ್ಟೊತ್ತಾಯ್ತು?"

"ಒಂದು ಮೂರು ಗಂಟೆ ಹೊತ್ತಾಗಿರಬೇಕು."

"ಅದಕ್ಕೆ ಕಡ್ಡಿ ಗೀರೋದೇ ಬೇಡ ಕಣಪ್ಪ. ಒಳಗೊಳಗೇ ಕಾಯ್ದು ತಾನಾಗೇ ಹತ್ಕೊಳ್ಳುತ್ತೆ. ಮನೇಲಿ ಯಾರಿದಾರೆ?"

ಅವನು ರಬ್ಬರನ್ನು ಅಲ್ಲೇ ಬಿಟ್ಟ. ಓಡಿದ.

ಓಡುತ್ತಲೇ ಅತ್ತೆಗೆ ಫೋನು ಮಾಡಿದ. ಗಂಟೆ ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದ. ತರಕಾರಿ ಗಾಡಿಗೆ ತೊಡೆ ಬಡಿದದ್ದು ಗೊತ್ತಾಗಲಿಲ್ಲ. ನಾನೇ ಬೀಗ ಹಾಕಿದ್ದೇನೆ, ನಾನೇ ಬೀಗ ಹಾಕಿದ್ದೇನೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಮೂರನೆಯ ಮಹಡಿಯ ಮೆಟ್ಟಿಲಲ್ಲೇ ಸುಟ್ಟ ಎಣ್ಣೆಯ ಕಮಟು ಮೂಗಿಗೆ ಬಡಿಯಿತು. ಬೀಗ ತೆಗೆದರೂ ಬಾಗಿಲು ಒಂದು ಗೇಣು ಸರಿದು ನಿಂತಿತು. ಒಳಗೆ ಏನೋ ಮೆತ್ತಗಿನದು ಅಡ್ಡವಿತ್ತು.

"ಅತ್ತೆ," ಎಂದ. ಇನ್ನೊಮ್ಮೆ ಕರೆದ.

ಸ್ವಲ್ಪ ಹೊತ್ತಿಗೆ ಒಳಗಿನ ಭಾರ ಅಲುಗಿತು. ಅತ್ತೆ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಅವನು ಸಂದಿಯಲ್ಲಿ ನುಸುಳಿ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಮೆಟ್ಟಿಲ ಮೇಲೆ ತಂದು ಕೂರಿಸಿದ. ಕೆಮ್ಮು ನಿಂತ ಮೇಲೆ ಅವರು ಅವನ ಮುಖ ನೋಡಿದರು.

"ಎಷ್ಟು ಬಡಿದೆ ಗೊತ್ತಾ ಅಳಿಯಂದಿರೇ. ಹೊರಗಡೆಯಿಂದ ಯಾರೋ ಬೀಗ ಹಾಕ್ಕೊಂಡು ಹೋಗಿದ್ರು."

ಅವನು ಒಳಗೆ ಹೋದ. ಉಗ್ರಾಣದ ಬಾಗಿಲಡಿಯಿಂದ ಹೊಗೆ ಹರಿಯುತ್ತಿತ್ತು. ಕಂಬಳಿ ನೆನೆಸಿಕೊಂಡು ಬಂದು ಬಾಗಿಲು ತೆಗೆದದ್ದೇ ತಡ, ಒಳಗೇ ಬೇಯುತ್ತಿದ್ದ ಬಟ್ಟೆ ಭಗ್ಗನೆ ಹೊತ್ತಿಕೊಂಡಿತು. ಕರಗಿ ವಾಲಿದ್ದ ಬಕೆಟ್ಟಿನ ಮೇಲೆ ಕಂಬಳಿ ಎಸೆದು, ಬಚ್ಚಲಿನಿಂದ ಕೊಡಗಟ್ಟಲೆ ನೀರು ಹೊತ್ತು ಸುರಿದ. ಬೆಂಕಿ ಆರಿದ್ದು ಕಂಡರೂ ನಂಬಿಕೆ ಬರಲಿಲ್ಲ. ಮತ್ತೆ ಸುರಿದ. ಗೋಡೆಯ ಮೇಲೆ ಆಳೆತ್ತರದ ಮಸಿ. ಗೋಡೆಯ ಆಚೆ ಅತ್ತೆಯ ಮಂಚದ ತಲೆದಿಂಬು.

ಸಂಜೆ ಹೆಂಡತಿ ಬಂದಾಗ ಒಂದನ್ನೂ ಮುಚ್ಚಿಡದೆ ಹೇಳಿದ. ಬೈಯಲಿ ಎಂದು ಕಾದ. ಅವಳು ತಾಯಿಯ ಕೆಂಪಗಾಗಿ ಊದಿದ ಅಂಗೈಗಳನ್ನು ತಿರುಗಿಸಿ ನೋಡಿ, ಮುಲಾಮು ಹಚ್ಚಿದಳು.

"ಬೀಗ ಹಾಕೋಣ ಅಂದವಳು ನಾನು," ಎಂದಳು.

ಮರುದಿನ ಅತ್ತೆಗೆ ಏನೂ ನೆನಪಿರಲಿಲ್ಲ. ಆದರೆ ಬಾಗಿಲು ಮುಚ್ಚಿದರೆ ಸಾಕು, ಎದ್ದು ನಿಲ್ಲುತ್ತಿದ್ದರು. ಆ ಬೀಗ ಮತ್ತೆ ಬಾಗಿಲಿಗೆ ಬೀಳಲಿಲ್ಲ. ರಜೆಯ ದಿನ ಅವನು ಎಲ್ಲಿಗೆ ಹೊರಟರೂ ಅತ್ತೆ ಜೊತೆಗೆ ಹೊರಡುವುದೆಂದಾಯಿತು. ಅವರ ನಡಿಗೆ ನಿಧಾನ. ಅರ್ಧ ಗಂಟೆಯ ಕೆಲಸ ಅರ್ಧ ದಿನ ತಿನ್ನುತ್ತಿತ್ತು. ಅವನು ಗೊಣಗಲಿಲ್ಲ. ಎಲ್ಲಾದರೂ ಹೊಗೆಯ ವಾಸನೆ ಬಂದರೆ ಮಾತ್ರ ಅವರ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದ.

ಮುಂದಿನ ವಾರ ಅವರನ್ನು ಹಾರ್ಡ್‌ವೇರ್ ಅಂಗಡಿಗೆ ಕರೆದುಕೊಂಡು ಹೋದ. ಬಡಗಿ ಇಬ್ಬರನ್ನೂ ನೋಡಿದ. ಎದ್ದು ಸ್ಟೂಲು ಸರಿಸಿಕೊಟ್ಟ. ಅತ್ತೆ ಕೂತು ಸೆರಗು ಸರಿಮಾಡಿಕೊಂಡು, ಇವರು ಯಾರು ಎಂದು ಅಳಿಯನನ್ನು ಕೇಳಿದರು.

"ನಮಗೆ ಬೇಕಾದವರು, ಅತ್ತೆ," ಎಂದ.